‘ಘಟ್ಟ’ ಎಂಬ ಮಾತು

(ಬಾನುಲಿ ಭಾಷಣ)



ದಿನಬಳಕೆಯ ಮಾತುಗಳ ಬಗ್ಗೆ ಯೋಚಿಸುವ ಅಭ್ಯಾಸ ನಮಗೆ ಕಡಿಮೆ. ಕಠಿಣವಾದ ಶಬ್ದವೊಂದು ಎದುರಾದರೆ ಕೋಶವನ್ನು ತೆರೆಯುತ್ತೇವೆ. ಸುಲಭವಾದದ್ದನ್ನು ಗೊತ್ತಿದೆಯೆಂದೇ ಬಿಟ್ಟುಬಿಡುತ್ತೇವೆ. ‘ಘಟ್ಟ’ ಅಂಥ ಒಂದು ಮಾತು. ಅವನು ಘಟ್ಟ ಹತ್ತಿ ಹೋದ, ಇವನು ಘಟ್ಟ ಇಳಿದು ಬಂದ ಎನ್ನುತ್ತೇವೆ. ಧರ್ಮಸ್ಥಳಕ್ಕೆ ಹೋದವರು ನೇತ್ರಾವತಿಯ ಸ್ನಾನಘಟ್ಟದಲ್ಲಿ ಮಿಂದು ಬರುತ್ತಾರೆ. ಶಾಲೆಯ ಹುಡುಗ ಭೂಪಟದ ಎಡಗಡೆಗೆ ಉದ್ದನೆಯ ಗೆರೆ ಎಳೆದು ‘ಪಶ್ಚಿಮ ಘಟ್ಟಗಳು’ ಎಂದು ಬರೆಯುತ್ತಾನೆ. ವಿಮರ್ಶಕರು ‘ಕಾದಂಬರಿಯ ಈ ಘಟ್ಟದಲ್ಲಿ ನಾಯಕನ ಮನಸ್ಸು ಬದಲಾಗುತ್ತದೆ’ ಎಂದು ಬರೆಯುತ್ತಾರೆ. ಬಯಲುಸೀಮೆಗೆ ಹೋದರೆ ಶಿಡ್ಲಘಟ್ಟ, ಬನ್ನೇರುಘಟ್ಟ, ತಲಘಟ್ಟಪುರ ಎಂಬ ಊರುಗಳಿವೆ. ಪರ್ವತವೂ ಘಟ್ಟ, ಹೊಳೆಯ ಮೆಟ್ಟಿಲೂ ಘಟ್ಟ, ಕತೆಯ ತಿರುವೂ ಘಟ್ಟ, ಊರೂ ಘಟ್ಟ. ಇವೆಲ್ಲ ಒಂದೇ ಮಾತೋ, ಒಂದೇ ಅಂಗಿ ತೊಟ್ಟ ಬೇರೆಬೇರೆ ಮಾತುಗಳೋ? ಈ ಹೊತ್ತು ಅದನ್ನು ತಮ್ಮೊಡನೆ ವಿಚಾರಮಾಡಬೇಕೆಂದಿದ್ದೇನೆ.

ಈ ವಿಚಾರಕ್ಕೆ ನಾನು ನಿಲ್ಲಲು ಆರಿಸಿಕೊಂಡ ಸ್ಥಳ ಅಣಶಿ. ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ ತಾಲೂಕಿನ ಸಣ್ಣ ಹಳ್ಳಿಯದು. ದಾಂಡೇಲಿಯ ಕಡೆಯಿಂದ ಜೋಯಿಡಾ, ಕುಂಬಾರವಾಡಗಳನ್ನು ಹಾದು ಬಂದ ರಸ್ತೆ ಅಣಶಿಯನ್ನು ದಾಟಿ ಕದ್ರಾಕ್ಕೆ ಇಳಿದು, ಕಾಳಿ ನದಿಯ ಜೊತೆಗೆ ಕಾರವಾರದ ಸಮುದ್ರದತ್ತ ಸಾಗುತ್ತದೆ. ಇದೇ ತಾಲೂಕಿನ ಡಿಗ್ಗಿಯ ಹತ್ತಿರ ಹುಟ್ಟಿದ ಕಾಳಿಯ ಉದ್ದ ಸುಮಾರು 184 ಕಿಲೋಮೀಟರು. ಸೂಪಾ, ಕೊಡಸಳ್ಳಿ, ಕದ್ರಾ ಎಂದು ಅಣೆಕಟ್ಟಿನ ಮೇಲೆ ಅಣೆಕಟ್ಟು ಅದನ್ನು ತಡೆದು ನಿಲ್ಲಿಸಿವೆ. ತಾಲೂಕಿಗೆ ಹೆಸರು ಕೊಟ್ಟಿದ್ದ ಹಳೆಯ ಸೂಪಾ ಊರು ಆ ನೀರಿನ ತಳದಲ್ಲಿದೆ. ಅಣಶಿಯ ಕಾಡು 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. 2007ರಲ್ಲಿ ದಾಂಡೇಲಿಯ ಅಭಯಾರಣ್ಯದೊಂದಿಗೆ ಸೇರಿ ಹುಲಿ ಸಂರಕ್ಷಿತ ಪ್ರದೇಶವಾಯಿತು. 2015ರಲ್ಲಿ ಅದಕ್ಕೆ ನದಿಯ ಹೆಸರನ್ನೇ ಇಟ್ಟು ಕಾಳಿ ಹುಲಿ ಸಂರಕ್ಷಿತ ಪ್ರದೇಶವೆಂದು ಕರೆದರು. ಪಶ್ಚಿಮ ಘಟ್ಟವೆಂದು ಪುಸ್ತಕಗಳು ಯಾವುದನ್ನು ವರ್ಣಿಸುತ್ತವೆಯೋ ಅದರ ನಟ್ಟನಡುವೆ ಅಣಶಿ ಇದೆ.

ಆದರೆ ಅಲ್ಲಿಯ ಜನ ಹಾಗೆ ಹೇಳುವುದಿಲ್ಲ. ಒಮ್ಮೆ ಆ ದಾರಿಯಲ್ಲಿ ಹೋಗುವಾಗ ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರನ್ನು ‘ಅಜ್ಜಾ, ಘಟ್ಟ ಅಂದರೆ ಇದೇ ಅಲ್ಲವೇ?’ ಎಂದು ಕೇಳಿದೆ. ಸುತ್ತ ಎತ್ತ ನೋಡಿದರೂ ಗುಡ್ಡ, ಗುಡ್ಡದ ಮೇಲೆ ಕಾಡು. ಕೊಂಕಣಿ ಮನೆಮಾತಿನ ಅವರು ತಮ್ಮ ಕನ್ನಡದಲ್ಲಿ ಹೇಳಿದರು: ‘ಘಾಟ ಇಲ್ಲೆಲ್ಲಿ ಸಾಹೇಬ್ರ? ಇನ್ನೂ ಮುಂದ ಅದ. ಬಸ್ಸು ಇಳೀಲಿಕ್ಕೆ ಹತ್ತಿದ ಮೇಲೆ ಘಾಟ.’ ಹುಟ್ಟಿದಾಗಿನಿಂದ ಭೂಗೋಳದ ಪಶ್ಚಿಮ ಘಟ್ಟದೊಳಗೇ ಬದುಕಿದ ಮನುಷ್ಯನಿಗೆ ತಾನಿರುವ ನೆಲ ಘಟ್ಟವಲ್ಲ. ಅಣಶಿಯನ್ನು ದಾಟಿದ ಮೇಲೆ ರಸ್ತೆ ಯಾವ ತಿರುವುಗಳಲ್ಲಿ ಕೆಳಗಿಳಿಯುತ್ತದೆಯೋ ಆ ತಿರುವುಗಳಷ್ಟೇ ಘಟ್ಟ. ಅವರ ಮಾತು ಬಹಳ ದಿನ ನನ್ನ ತಲೆಯಲ್ಲಿ ಉಳಿಯಿತು. ಶಬ್ದದ ಹಳೆಯ ಅರ್ಥ ಕೋಶದಲ್ಲಿ ಸಿಗುವುದಕ್ಕಿಂತ ಮೊದಲು ಬಸ್ಸಿನಲ್ಲಿ ಸಿಕ್ಕಿತೆಂದು ಆಮೇಲೆ ತಿಳಿಯಿತು.

ನಮ್ಮ ಘಟ್ಟಗಳ ಹೆಸರುಗಳನ್ನು ಒಂದೊಂದಾಗಿ ನೆನೆದುಕೊಳ್ಳಿ. ಉತ್ತರ ಕನ್ನಡದಲ್ಲೇ ಅಣಶಿ ಘಟ್ಟ, ಯಲ್ಲಾಪುರದಿಂದ ಅಂಕೋಲೆಗೆ ಇಳಿಯುವ ಅರಬೈಲು ಘಟ್ಟ, ಶಿರಸಿಯಿಂದ ಕುಮಟೆಗೆ ಇಳಿಯುವ ದೇವಿಮನೆ ಘಟ್ಟ, ಸಿದ್ಧಾಪುರದಿಂದ ಇಳಿಯುವ ದೊಡ್ಡಮನೆ ಘಟ್ಟ. ದಕ್ಷಿಣಕ್ಕೆ ಹೋದರೆ ಹುಲಿಕಲ್ಲು, ಆಗುಂಬೆ, ಚಾರ್ಮಾಡಿ, ಶಿರಾಡಿ, ಬಿಸಿಲೆ, ಸಂಪಾಜೆ. ಇವುಗಳಲ್ಲಿ ಯಾವುದೂ ಶಿಖರದ ಹೆಸರಲ್ಲ. ಎಲ್ಲವೂ ದಾರಿಗಳು. ದಾರಿಯ ತಲೆಯಲ್ಲೋ ಬುಡದಲ್ಲೋ ನಡುವೆಯೋ ಇರುವ ಊರಿನ ಹೆಸರು ದಾರಿಗೆ ಬಂದಿದೆ. ಶಿಖರಕ್ಕೆ ಹೆಸರಿಡುವಾಗ ಕನ್ನಡಿಗರು ಬೇರೆ ಮಾತುಗಳನ್ನು ಬಳಸಿದರು. ಮುಳ್ಳಯ್ಯನ ಗಿರಿ, ಕುದುರೆಮುಖ, ಕೊಡಚಾದ್ರಿ, ಪುಷ್ಪಗಿರಿ. ‘ಕೊಡಚಾದ್ರಿ ಘಟ್ಟ’ ಎಂದು ಶಿಖರವನ್ನು ಯಾರೂ ಕರೆಯುವುದಿಲ್ಲ. ಇಡೀ ಸಾಲಿಗೆ ಒಂದು ಹೆಸರು ಬೇಕಾದಾಗ ಪುರಾಣಗಳು ಅದನ್ನು ‘ಸಹ್ಯ’ವೆಂದವು. ಏಳು ಕುಲಪರ್ವತಗಳಲ್ಲಿ ಸಹ್ಯವೂ ಒಂದು. ಪರ್ವತ ಸಹ್ಯ, ಅದನ್ನು ಹತ್ತಿ ಇಳಿಯುವ ಹಾದಿ ಘಟ್ಟ. ಹಳೆಯ ಲೆಕ್ಕ ಇಷ್ಟು ಸ್ಪಷ್ಟವಾಗಿತ್ತು.

ಹಾಗಿದ್ದರೆ ಹಾದಿಯ ಹೆಸರು ಪರ್ವತಕ್ಕೆ ಬಂದದ್ದು ಹೇಗೆ? ಇದಕ್ಕೆ ಒಳ್ಳೆಯ ಉತ್ತರ ಕೊಟ್ಟವರು ಇಬ್ಬರು ಬ್ರಿಟಿಷರು. ಹೆನ್ರಿ ಯೂಲ್ ಮತ್ತು ಎ. ಸಿ. ಬರ್ನೆಲ್ ಕೂಡಿ ರಚಿಸಿದ ‘ಹಾಬ್ಸನ್-ಜಾಬ್ಸನ್’ ಎಂಬ ವಿಚಿತ್ರ ಹೆಸರಿನ ಕೋಶ 1886ರಲ್ಲಿ ಹೊರಬಂದಿತು. ಈ ಬರ್ನೆಲ್ ಮಂಗಳೂರಿನಲ್ಲಿಯೂ ಅಧಿಕಾರಿಯಾಗಿದ್ದು ತುಳುವರ ಭೂತಾರಾಧನೆಯ ಮೇಲೆ ಬರೆದವನು. ಘಟ್ಟದ ಬುಡದಲ್ಲಿ ಬದುಕಿದವನು. ಆ ಕೋಶವು ಘಟ್ಟಕ್ಕೆ ಮೂರು ಅರ್ಥಗಳನ್ನು ಕ್ರಮವಾಗಿ ಕೊಡುತ್ತದೆ. ಮೊದಲನೆಯದು ನದಿಗೆ ಇಳಿಯುವ ಹಾದಿ, ದೋಣಿ ಕಟ್ಟುವ ಜಾಗ. ಎರಡನೆಯದು ಬೆಟ್ಟದಿಂದ ಇಳಿಯುವ ಹಾದಿ. ಮೂರನೆಯದು ಕರಾವಳಿಗೆ ಸಮಾನಾಂತರವಾಗಿರುವ ಪರ್ವತಸಾಲು. ಈ ಮೂರನೆಯ ಅರ್ಥ ಹುಟ್ಟಿದ್ದು ಪರದೇಶದವರ ಕಿವಿಯಿಂದಲೇ ಇರಬೇಕೆಂದು ಅದರ ಊಹೆ. ‘ಘಟ್ಟದ ಮೇಲಿನ ಸೀಮೆ’, ‘ಘಟ್ಟದ ಕೆಳಗಿನ ಸೀಮೆ’ ಎಂದು ನಮ್ಮವರು ಹೇಳುವುದನ್ನು ಕೇಳಿ, ನಡುವೆ ನಿಂತ ಪರ್ವತದ ಹೆಸರೇ ಘಟ್ಟವೆಂದು ಅವರು ತಿಳಿದರು. ಮೊಗಲರ ಕಾಲದ ಆಡಳಿತದಲ್ಲಿಯೂ ಇದೇ ವಿಭಾಗವಿತ್ತು: ಘಟ್ಟದ ಮೇಲಿನದು ಬಾಲಾಘಾಟ್, ಕೆಳಗಿನದು ಪಾಯನ್‌ಘಾಟ್. ನಕ್ಷೆ ಬರೆಯುವವರು ಪಡುವಣ ಸಾಲಿಗೆ ಆ ಹೆಸರನ್ನು ಕೊಟ್ಟ ಹಾಗೆಯೇ ಮೂಡಣದ ತುಂಡುತುಂಡಾದ ಬೆಟ್ಟಗಳಿಗೂ ಕೊಟ್ಟರು. ಮಹಾನದಿ, ಗೋದಾವರಿ, ಕೃಷ್ಣೆ, ಕಾವೇರಿಗಳು ಕಡಿದು ಹಾಕಿದ ಆ ಬೆಟ್ಟಗಳು ‘ಪೂರ್ವ ಘಟ್ಟ’ವಾದವು. ಇಂಗ್ಲಿಷಿನಿಂದ ಹೆಸರು ಮತ್ತೆ ಕನ್ನಡಕ್ಕೆ ಅನುವಾದವಾಗಿ ಪಠ್ಯಪುಸ್ತಕದೊಳಗೆ ಬಂದು ಕುಳಿತಿತು. ನಮ್ಮ ಮಾತೇ ಪರದೇಶಕ್ಕೆ ಹೋಗಿ ಬೇರೆ ಅರ್ಥವನ್ನು ಹೊತ್ತು ಮನೆಗೆ ಮರಳಿತು.

ಎಲ್ಲ ಹೊಣೆಯನ್ನೂ ಪರದೇಶದವರ ಮೇಲೆ ಹೊರಿಸುವುದು ನ್ಯಾಯವಲ್ಲ. ಹಾದಿಯ ಹೆಸರು ಹಾದಿಯ ಸುತ್ತಲಿನ ನೆಲಕ್ಕೆ ಹಬ್ಬುವುದು ಎಲ್ಲ ಭಾಷೆಗಳಲ್ಲಿಯೂ ಉಂಟು. ಕರಾವಳಿಯಲ್ಲಿ ನಿಂತು ಮೂಡಣಕ್ಕೆ ನೋಡುವವನಿಗೆ ಕಾಣುವುದು ಗೋಡೆಯಂತೆ ಎದ್ದ ನೀಲಿ ಸಾಲು. ಅದನ್ನು ಅವನು ಘಟ್ಟವೆಂದು ತೋರಿಸಿದರೆ ತಪ್ಪೇನೂ ಇಲ್ಲ. ‘ಘಟ್ಟದಲ್ಲಿ ಮಳೆ ಹಿಡಿದಿದೆ’ ಎಂದು ಕೆಳಗಿನ ರೈತ ಹೇಳುವಾಗ ಅವನ ಮನಸ್ಸಿನಲ್ಲಿರುವುದು ರಸ್ತೆಯಲ್ಲ, ಹೊಳೆಗೆ ನೀರು ಕಳಿಸುವ ಇಡೀ ಮಲೆ. ಕನ್ನಡದಲ್ಲಿ ಎರಡು ಅರ್ಥಗಳೂ ಒಟ್ಟಿಗೆ ಬಾಳಿದವು. ಘಟ್ಟದ ಜೊತೆಗೆ ‘ಕಣಿವೆ’ ಎಂಬ ಇನ್ನೊಂದು ಮಾತು ನಮ್ಮಲ್ಲಿತ್ತು. ಇಂದು ಕಣಿವೆಯೆಂದರೆ ಎರಡು ಬೆಟ್ಟಗಳ ನಡುವಿನ ತಗ್ಗು ಎಂದಷ್ಟೇ ತಿಳಿಯುತ್ತೇವೆ. ಆದರೆ ತಮಿಳಿನ ‘ಕಣವಾಯ್’, ತೆಲುಗಿನ ‘ಕನುಮ’ಗಳ ಪಕ್ಕದಲ್ಲಿಟ್ಟು ನೋಡಿದರೆ ಇದೂ ಬೆಟ್ಟವನ್ನು ದಾಟುವ ಹಾದಿಯೆಂಬುದು ತಿಳಿಯುತ್ತದೆ. ಕಣಿವೆಯೆಂಬ ಹಾದಿ ತಗ್ಗಾಯಿತು, ಘಟ್ಟವೆಂಬ ಹಾದಿ ಎತ್ತರವಾಯಿತು. ಒಂದೇ ಕೆಲಸ ಮಾಡುತ್ತಿದ್ದ ಎರಡು ಮಾತುಗಳು ಒಂದು ಕೆಳಕ್ಕೂ ಒಂದು ಮೇಲಕ್ಕೂ ಸರಿದು ನಡುವೆ ಹಾದಿಗೆ ಹೆಸರಿಲ್ಲದಂತೆ ಮಾಡಿದವು.

ಇನ್ನು ಮಾತಿನ ಮೂಲ. ‘ಘ’ಕಾರವನ್ನು ಕಂಡೊಡನೆ ಇದು ಸಂಸ್ಕೃತವೆಂದು ಹೇಳಿ ಮುಗಿಸಿಬಿಡಬಹುದು. ಸಂಸ್ಕೃತದಲ್ಲಿ ‘ಘಟ್ಟ’ವೆಂಬ ಶಬ್ದ ಇರುವುದು ನಿಜ; ನೀರಿಗಿಳಿಯುವ ಸೋಪಾನವೆಂಬುದು ಅದರ ಅರ್ಥ. ಕಾಶಿಯ ದಶಾಶ್ವಮೇಧ, ಮಣಿಕರ್ಣಿಕಾ ಘಾಟುಗಳು ಈ ಅರ್ಥದ ಸಂತಾನ. ಆದರೆ ಸಂಸ್ಕೃತದ ಹಳೆಯ ಪದರಗಳಲ್ಲಿ ಈ ಅರ್ಥಕ್ಕೆ ಬಳಕೆಯಾಗುವ ಶಬ್ದ ಬೇರೆ, ಅದು ‘ತೀರ್ಥ’. ತೀರ್ಥವೆಂದರೆ ಮೂಲದಲ್ಲಿ ಹೊಳೆಯನ್ನು ದಾಟುವ, ನೀರಿಗೆ ಇಳಿಯುವ ಜಾಗ. ದಾಟುವ ಜಾಗ ಪುಣ್ಯಕ್ಷೇತ್ರವಾಗಿ, ಕೊನೆಗೆ ಅಂಗೈಯಲ್ಲಿ ಹಿಡಿಯುವ ನೀರಾದದ್ದು ಇನ್ನೊಂದು ದೊಡ್ಡ ಕತೆ. ಘಟ್ಟ ಬಂದದ್ದು ಆಮೇಲೆ. ‘ಘಟ್ಟ್’ ಎಂಬ ಧಾತುವಿಗೆ ಉಜ್ಜು, ತಾಗು, ಕದಡು ಎಂಬ ಅರ್ಥಗಳಿವೆ. ನಮ್ಮ ‘ಸಂಘಟ್ಟನೆ’ ಅಲ್ಲಿಂದ ಬಂದದ್ದು. ಆ ಧಾತುವಿನಿಂದ ಸೋಪಾನವನ್ನು ಹುಟ್ಟಿಸಲು ಬಹಳ ಶ್ರಮಪಡಬೇಕಾಗುತ್ತದೆ. ಆದುದರಿಂದ ಇದು ದ್ರಾವಿಡದಿಂದ ಸಂಸ್ಕೃತಕ್ಕೆ ಹೋದ ಮಾತಿರಬಹುದೆಂಬ ಕಡೆಗೆ ವಿದ್ವಾಂಸರ ದೃಷ್ಟಿ ಹರಿಯಿತು.

ಆ ವಿಚಾರಕ್ಕೆ ಹೋಗುವ ಮೊದಲು ಸಂಸ್ಕೃತದಲ್ಲಿಯೇ ಉಳಿದಿರುವ ಒಂದು ಸೊಗಸಾದ ಸಂಗತಿಯನ್ನು ಹೇಳಬೇಕು. ಶಾಸ್ತ್ರಗಳಲ್ಲಿ ‘ಘಟ್ಟಕುಟೀಪ್ರಭಾತ ನ್ಯಾಯ’ವೆಂಬ ಒಂದು ನ್ಯಾಯವಿದೆ. ಘಟ್ಟಕುಟಿಯೆಂದರೆ ಘಟ್ಟದಲ್ಲಿರುವ ಸುಂಕದ ಗುಡಿಸಲು. ಒಬ್ಬ ವ್ಯಾಪಾರಿ ಸುಂಕ ತಪ್ಪಿಸಬೇಕೆಂದು ರಾತ್ರಿಯ ಹೊತ್ತು ಸರಕು ಹೇರಿಕೊಂಡು ಅಡ್ಡದಾರಿ ಹಿಡಿಯುತ್ತಾನೆ. ಕತ್ತಲಲ್ಲಿ ದಾರಿ ತಪ್ಪಿ ಇಡೀ ರಾತ್ರಿ ಅಲೆಯುತ್ತಾನೆ. ಬೆಳಗಾಗಿ ಕಣ್ಣರಳಿಸಿ ನೋಡಿದರೆ ಎದುರಿಗೇ ಸುಂಕದ ಗುಡಿಸಲು! ವಾದದಲ್ಲಿ ಯಾವ ಮಾತನ್ನು ತಪ್ಪಿಸಿಕೊಳ್ಳಲು ಹೊರಟೆವೋ ಸುತ್ತಿ ಬಳಸಿ ಅದನ್ನೇ ಒಪ್ಪಬೇಕಾಗಿ ಬಂದಾಗ ಪಂಡಿತರು ಈ ನ್ಯಾಯವನ್ನು ಎತ್ತುತ್ತಾರೆ. ನಮ್ಮ ಜನ ಇಷ್ಟು ಸುತ್ತು ಬಳಸದೆ ‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ’ ಎಂದರು. ಎರಡು ಮಾತುಗಳ ಹಿಂದೆ ಇರುವ ಚಿತ್ರ ಒಂದೇ: ಇಕ್ಕಟ್ಟಾದ ಹಾದಿ, ಬೇರೆ ದಾರಿಯಿಲ್ಲದ ಹೇರೆತ್ತು, ಹಾದಿಯ ಬಾಯಲ್ಲಿ ಕುಳಿತ ಸುಂಕದವನು.

ಘಟ್ಟಕ್ಕೂ ಸುಂಕಕ್ಕೂ ಇರುವ ಈ ನಂಟು ಕಟ್ಟುಕತೆಯಲ್ಲ. ಮಹಾರಾಷ್ಟ್ರದ ಜುನ್ನರಿನ ಹತ್ತಿರ ಕೊಂಕಣಕ್ಕೆ ಇಳಿಯುವ ನಾಣೇಘಾಟಿನ ಗುಹೆಯಲ್ಲಿ ಸಾತವಾಹನ ರಾಣಿ ನಾಗನಿಕೆಯ ಶಾಸನವಿದೆ. ಅದಕ್ಕೆ ಎರಡು ಸಾವಿರ ವರ್ಷಗಳಷ್ಟು ವಯಸ್ಸು. ಅಲ್ಲಿ ದಾರಿಯ ಪಕ್ಕದಲ್ಲಿರುವ ದೊಡ್ಡ ಕಲ್ಲಿನ ಹಂಡೆಯೊಳಗೆ ಸುಂಕದ ನಾಣ್ಯಗಳನ್ನು ಹಾಕಿಸುತ್ತಿದ್ದರೆಂದು ಜನ ಹೇಳುತ್ತಾರೆ. ಕನ್ನಡ ಶಾಸನಗಳಲ್ಲಿ ಹೆಜ್ಜುಂಕವೆಂಬ ದೊಡ್ಡ ಸುಂಕದ ಹೆಸರು ಮತ್ತೆ ಮತ್ತೆ ಬರುತ್ತದೆ. ಅಷ್ಟು ಹಿಂದಕ್ಕೆ ಹೋಗುವುದೂ ಬೇಡ. ಅಣಶಿ ಇರುವ ಜೋಯಿಡಾ ತಾಲೂಕಿನಲ್ಲಿಯೇ ಕ್ಯಾಸಲ್‌ರಾಕ್ ಎಂಬ ರೈಲು ನಿಲ್ದಾಣವಿದೆ. ಅಲ್ಲಿಂದ ಗೋವೆಯ ಕುಳೆಮಿಗೆ ಇಳಿಯುವ ರೈಲುಹಾದಿಗೆ ಪೋರ್ಚುಗೀಸ್ ರಾಜಮನೆತನದ ಹೆಸರಿಟ್ಟು ಬ್ರಗಾಂಝಾ ಘಾಟ್ ಎಂದರು. 1961ರಲ್ಲಿ ಗೋವೆ ವಿಮೋಚನೆಯಾಗುವವರೆಗೆ ಆ ಘಟ್ಟ ಎರಡು ರಾಜ್ಯಗಳ ಗಡಿಯಾಗಿತ್ತು. ಕ್ಯಾಸಲ್‌ರಾಕಿನಲ್ಲಿ ಸುಂಕದ ತಪಾಸಣೆ ನಡೆಯುತ್ತಿತ್ತು. ಘಟ್ಟಕುಟಿಗೆ ರೈಲ್ವೆ ಪ್ಲಾಟ್‌ಫಾರ್ಮ್ ಬಂದಿತ್ತು, ಅಷ್ಟೇ.

ಈಗ ದ್ರಾವಿಡದ ಕಡೆಗೆ ತಿರುಗೋಣ. ಕನ್ನಡದಲ್ಲಿ ‘ಕಟ್ಟು’ ಎಂಬ ಧಾತು ಇದೆ. ಅದರಿಂದ ಕಟ್ಟೆ, ಕಟ್ಟ, ಕಟ್ಟಡ, ಅಣೆಕಟ್ಟು. ಕಾಸರಗೋಡು, ದಕ್ಷಿಣ ಕನ್ನಡಗಳ ತೋಟಗಾರರು ಮಳೆಗಾಲ ಮುಗಿದ ಮೇಲೆ ತೋಡಿಗೆ ಅಡ್ಡವಾಗಿ ಕಲ್ಲು ಮಣ್ಣು ಹಾಕಿ ನೀರು ನಿಲ್ಲಿಸುತ್ತಾರೆ, ಅದು ‘ಕಟ್ಟ’. ತೆಲುಗಿನಲ್ಲಿ ‘ಗಟ್ಟು’ ಎಂಬ ಮಾತಿದೆ. ಅದರ ಅರ್ಥಗಳನ್ನು ಕೇಳಿ: ದಡ, ಏರಿ, ಗುಡ್ಡ. ನೀರಿನ ಅಂಚೂ ಬೆಟ್ಟವೂ ಒಂದೇ ಮಾತಿನಲ್ಲಿ ಅಕ್ಕಪಕ್ಕದಲ್ಲಿ ಕುಳಿತಿವೆ. ಸಂಸ್ಕೃತ ಕೋಶದಲ್ಲಿ ದೂರದೂರವಾಗಿ ಕಾಣುವ ಸೋಪಾನವೂ ಪರ್ವತವೂ ಇಲ್ಲಿ ನೆರೆಹೊರೆಯವರಾಗುತ್ತವೆ. ನೀರಿನ ದಡವೆಂದರೆ ನೆಲ ಎತ್ತರದಿಂದ ತಗ್ಗಿಗೆ ಇಳಿಯುವ ಅಂಚು. ಅಂಥ ಅಂಚನ್ನು ಕಲ್ಲಿನಿಂದ ಕಟ್ಟಿದರೆ ಸೋಪಾನ, ನಿಸರ್ಗವೇ ಕಟ್ಟಿದರೆ ಗುಡ್ಡದ ಇಳಿಜಾರು.

ಬಯಲುಸೀಮೆಯ ಊರುಗಳ ರಹಸ್ಯವೂ ಇಲ್ಲಿಯೇ ಬಿಡಿಸಿಕೊಳ್ಳುತ್ತದೆಂದು ನನಗೆ ತೋರುತ್ತದೆ. ಶಿಡ್ಲಘಟ್ಟ ಕೆರೆಗಳ ನಾಡು. ಅಲ್ಲಿ ಸಮುದ್ರದ ಕಡೆಗೆ ಇಳಿಯುವ ಪರ್ವತದಂಚು ಎಲ್ಲಿಯದು? ಮಳೆ ಮತ್ತು ಕಾಲ ಸೇರಿದರೆ ಮಳೆಗಾಲವಾಗುತ್ತದೆ, ಕ ಹೋಗಿ ಗ ಬರುತ್ತದೆ; ಶಾಲೆಯಲ್ಲಿ ಕಲಿತ ಆದೇಶ ಸಂಧಿ ಇದು. ಹಾಗೆಯೇ ಊರಿನ ಹೆಸರಿನ ಕೊನೆಯಲ್ಲಿ ‘ಕಟ್ಟ’ ಬಂದರೆ ಅದು ‘ಗಟ್ಟ’ವಾಗುತ್ತದೆ. ಆಮೇಲೆ ಬರೆಯುವವನು ಅದಕ್ಕೆ ಮಹಾಪ್ರಾಣದ ಗೌರವ ಕೊಟ್ಟು ‘ಘಟ್ಟ’ ಮಾಡುತ್ತಾನೆ. ಬಾಯಿ ಗಟ್ಟವೆಂದೇ ನುಡಿಯುತ್ತದೆ, ಲೇಖನಿ ಮಾತ್ರ ಘಟ್ಟವೆನ್ನುತ್ತದೆ. ಕೆರೆಯ ಏರಿಯ ಮೇಲೆ ಬೆಳೆದ ಊರು ಹೀಗೆ ಪರ್ವತದ ಹೆಸರನ್ನು ಹೊತ್ತುಕೊಂಡಿತು. ಬನ್ನೇರುಘಟ್ಟದಲ್ಲಿ ಬೆಟ್ಟವಿದೆ, ಅಲ್ಲಿ ತೆಲುಗಿನ ಗಟ್ಟು ನೆನಪಿಗೆ ಬರುತ್ತದೆ. ಬೆಂಗಳೂರಿನ ಸುಂಕದಕಟ್ಟೆ ಮಾತ್ರ ತನ್ನ ಅಚ್ಚಗನ್ನಡ ರೂಪವನ್ನು ಉಳಿಸಿಕೊಂಡಿದೆ. ಸಂಸ್ಕೃತದ ಘಟ್ಟಕುಟಿಯನ್ನು ಕನ್ನಡಕ್ಕೆ ತಿರುಗಿಸಿದರೆ ಸುಂಕದಕಟ್ಟೆಗಿಂತ ಒಳ್ಳೆಯ ಮಾತು ಸಿಗಲಾರದು.

ಹೆಸರುಗಳ ವೇಷ ಬದಲಾಗುವುದಕ್ಕೆ ಇನ್ನೊಂದು ದೃಷ್ಟಾಂತ ನಮ್ಮ ನೆರೆಯ ಕೇರಳದಲ್ಲಿದೆ. ಪಾಲಕ್ಕಾಡು ಎಂಬುದು ಪಾಲೆ ಮರಗಳ ಕಾಡು. ಇಂಗ್ಲಿಷರ ನಾಲಗೆಯಲ್ಲಿ ಅದು ಪಾಲ್‌ಘಾಟ್ ಆಯಿತು. ತಾಪಿಯಿಂದ ಕನ್ಯಾಕುಮಾರಿಯವರೆಗೆ ಸುಮಾರು 1,600 ಕಿಲೋಮೀಟರು ಸಾಗುವ ಸಹ್ಯಾದ್ರಿಯಲ್ಲಿ ದೊಡ್ಡದಾಗಿ ಬಾಗಿಲು ತೆರೆದಿರುವುದು ಅಲ್ಲಿಯೇ. ಅಲ್ಲಿ ಹಾದಿ ಇದ್ದುದರಿಂದ ‘ಘಾಟ್’ ಎಂಬ ತಪ್ಪು ಸರಿಯೆಂಬಂತೆ ಕಂಡಿತು. ಕಾಡು ಹೋಗಿ ಘಾಟ್ ನಿಂತಿತು.

ಶಬ್ದಶಾಸ್ತ್ರದ ಈ ಮಾತಿಗೆ ಭೂವಿಜ್ಞಾನವೂ ಸಾಕ್ಷಿ ಹೇಳುತ್ತದೆ. ಹಿಮಾಲಯದಂತೆ ನೆಲ ಮಡಿಚಿಕೊಂಡು ಮೇಲೆದ್ದ ಪರ್ವತ ಸಹ್ಯಾದ್ರಿಯಲ್ಲ. ಸುಮಾರು 9 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟು ಸರಿಯಿತು. ಆ ಒಡಕಿನ ಪಕ್ಕದಲ್ಲಿ ಉಳಿದ ಪ್ರಸ್ಥಭೂಮಿಯ ಅಂಚನ್ನು ಮಳೆ, ಹೊಳೆಗಳು ಕೊರೆಯುತ್ತ ಬಂದುದರ ಫಲ ಇಂದಿನ ಸಾಲು. ಅದಕ್ಕೆಂದೇ ಧಾರವಾಡ, ಹಳಿಯಾಳಗಳ ಕಡೆಯಿಂದ ಬರುವವನಿಗೆ ಪರ್ವತ ಹತ್ತಿದ ಅನುಭವವೇ ಆಗುವುದಿಲ್ಲ. ಅಣಶಿ ಮುಗಿದೊಡನೆ ಇಳಿದ ಅನುಭವ ಮಾತ್ರ ಆಗುತ್ತದೆ. ಕಾರವಾರದಿಂದ ಬರುವವನಿಗಾದರೋ ಎದುರಿಗೆ ಗೋಡೆ. ಒಂದೇ ಕಡೆ ಮುಖವಿರುವ ಬೆಟ್ಟಕ್ಕೆ ಸರಿಯಾದ ಹೆಸರು ಮೆಟ್ಟಿಲಲ್ಲದೆ ಮತ್ತೇನು? ಬೆಳಗಾವಿಯಿಂದ ಉತ್ತರಕ್ಕೆ ಹಬ್ಬಿರುವ ಕಪ್ಪು ಶಿಲೆಯನ್ನು ವಿಜ್ಞಾನಿಗಳು ‘ಡೆಕ್ಕನ್ ಟ್ರ್ಯಾಪ್’ ಎನ್ನುತ್ತಾರೆ; ಆ ‘ಟ್ರ್ಯಾಪ್’ ಸ್ವೀಡನ್ ದೇಶದ ಭಾಷೆಯಲ್ಲಿ ಮೆಟ್ಟಿಲೆಂಬ ಅರ್ಥದ ಮಾತಿನಿಂದ ಬಂದದ್ದು. ದೂರದ ಉತ್ತರದವರೂ ನಮ್ಮವರೂ ಈ ನೆಲದಲ್ಲಿ ಒಂದೇ ಆಕಾರವನ್ನು ಕಂಡಿದ್ದಾರೆ.

ಮೆಟ್ಟಿಲೆಂದರೆ ಹತ್ತಿ ಇಳಿಯುವುದಕ್ಕೆ. ನಮ್ಮ ಚರಿತ್ರೆ ಈ ಮಾತನ್ನು ಒಪ್ಪುತ್ತದೆ. ಗೋವೆಯ ಕದಂಬರ ರಾಜ್ಯ ಘಟ್ಟದ ಕೆಳಗಿನ ಕೊಂಕಣ 900, ಘಟ್ಟದ ಮೇಲಿನ ಪಲಸಿಗೆ 12,000 ಎರಡನ್ನೂ ಕೂಡಿಕೊಂಡಿತ್ತು. ಆ ಪಲಸಿಗೆ ಇಂದಿನ ಖಾನಾಪುರ ತಾಲೂಕಿನ ಹಲಸಿ. ಒಂದು ಕಾಲು ಕೆಳಗೆ, ಒಂದು ಕಾಲು ಮೇಲೆ ಇಟ್ಟು ಆಳಿದ ಆ ಅರಸರಿಗೆ ಘಟ್ಟ ಗಡಿಯಾಗಿರಲಿಲ್ಲ. ವಿಜಯನಗರದ ಕುದುರೆಗಳು ಭಟ್ಕಳ, ಗೋವೆಗಳ ಬಂದರಿನಿಂದ ಈ ಹಾದಿಗಳನ್ನು ಹತ್ತಿದವು. ಮೆಣಸು ಇದೇ ಹಾದಿಗಳಲ್ಲಿ ಇಳಿಯಿತು. ಉಪ್ಪು ಮೇಲಕ್ಕೆ ಹೋಯಿತು, ಹತ್ತಿ ಕೆಳಕ್ಕೆ ಬಂತು. ಧಾರವಾಡದ ಕರಿಮಣ್ಣಿನಲ್ಲಿ ಬೆಳೆದ ಹತ್ತಿಗೆ ಇಂಗ್ಲೆಂಡಿನ ಪೇಟೆಯಲ್ಲಿ ‘ಕುಮಟಾ ಹತ್ತಿ’ ಎಂಬ ಹೆಸರು ಬಂದದ್ದು ಘಟ್ಟವಿಳಿದು ಹಡಗು ಹತ್ತಿದ ಬಂದರಿನಿಂದ. ಉತ್ತರ ಕನ್ನಡವನ್ನು 1862ರಲ್ಲಿ ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ವರ್ಗಾಯಿಸಿದ್ದರ ಹಿಂದೆಯೂ ಈ ಹತ್ತಿಯ ಲೆಕ್ಕಾಚಾರವಿತ್ತು. ಕಲ್ಯಾಣದಿಂದ ಹೊರಟ ಶರಣರು ಕಾಡುಮೇಡುಗಳನ್ನು ದಾಟಿ ಬಂದು ಸೇರಿದ ಉಳವಿಯೂ ಇದೇ ಜೋಯಿಡಾ ತಾಲೂಕಿನಲ್ಲಿ, ಈ ಮೆಟ್ಟಿಲ ಅಂಚಿನಲ್ಲಿದೆ. ಚೆನ್ನಬಸವಣ್ಣನ ಜಾತ್ರೆಗೆ ಧಾರವಾಡ, ಬೆಳಗಾವಿಗಳ ಕಡೆಯಿಂದ ಇಂದಿಗೂ ಚಕ್ಕಡಿಗಳು ಬರುತ್ತವೆ.

ಗೋಡೆಯೆಂಬ ಅರ್ಥ ಬಲಿತಾಗ ಏನಾಗುತ್ತದೆಂಬುದನ್ನೂ ನೋಡಬೇಕು. ಗೋವೆಯಲ್ಲಿ ಘಟ್ಟದ ಮೇಲಿನಿಂದ ದುಡಿಯಲು ಬಂದವರನ್ನು ‘ಘಾಂಟಿ’ ಎನ್ನುವುದುಂಟು. ಮುಂಬಯಿಯಲ್ಲಿ ಅದೇ ಮಾತು ‘ಘಾಟಿ’. ಅಕ್ಷರಶಃ ನೋಡಿದರೆ ಘಟ್ಟದವನು ಎಂದಷ್ಟೇ. ಆಡುವ ಧ್ವನಿಯಲ್ಲಿ ತಾತ್ಸಾರವಿದೆ. ಗೋವೆಯಲ್ಲಿ ಮನೆ ಕಟ್ಟುವ, ಬಂದರಿನಲ್ಲಿ ಹೊರೆ ಹೊರುವ ಎಷ್ಟೋ ಕನ್ನಡಿಗರು ಈ ಮಾತನ್ನು ಕೇಳಿಸಿಕೊಂಡವರು. ಹಾದಿ ಹತ್ತಿಳಿದು ಬಂದವನೆಂಬುದು ಒಂದು ಕಾಲಕ್ಕೆ ವ್ಯಾಪಾರಿಯ ಗುರುತಾಗಿತ್ತು. ಗೋಡೆಯ ಆಚೆಯವನೆಂದಾದಾಗ ಅದೇ ಬೈಗುಳವಾಯಿತು. ನಮ್ಮ ಕಡೆಯಲ್ಲಿಯೂ ‘ಘಟ್ಟದ ಮೇಲಿನವರು’, ‘ಘಟ್ಟದ ಕೆಳಗಿನವರು’ ಎಂದು ಸಂಬಂಧ ಬೆಳೆಸುವಾಗ ಎಣಿಸಿದವರು ಇಲ್ಲದಿಲ್ಲ.

ಕಾಲದ ಅರ್ಥವೊಂದು ಉಳಿಯಿತು. ‘ಹೋರಾಟ ನಿರ್ಣಾಯಕ ಘಟ್ಟವನ್ನು ತಲುಪಿತು’ ಎಂದು ಪತ್ರಿಕೆಗಳು ಬರೆಯುತ್ತವೆ. ಇಲ್ಲಿ ಪರ್ವತವೆಂಬ ಅರ್ಥ ಸ್ವಲ್ಪವೂ ಹೊಂದುವುದಿಲ್ಲ. ಮೆಟ್ಟಿಲೆಂಬ ಅರ್ಥ ಮಾತ್ರ ಹೊಂದುತ್ತದೆ. ಹಂತವೆಂಬ ಮಾತಿನ ಹಾಗೆಯೇ ಇದೂ ಕಾಲಿಡುವ ಜಾಗದಿಂದ ಕಾಲವನ್ನು ಅಳೆಯುವ ಜಾಗಕ್ಕೆ ಬಂದಿದೆ. ಆಶ್ಚರ್ಯವೆಂದರೆ, ಭೂಗೋಳದ ಪುಸ್ತಕದಲ್ಲಿ ನಾವು ಮರೆತ ಮೂಲಾರ್ಥವನ್ನು ಕತೆಯ ವಿಮರ್ಶೆಯಲ್ಲಿ ಅರಿವಿಲ್ಲದೆಯೇ ಕಾಪಾಡಿಕೊಂಡಿದ್ದೇವೆ.

ಶ್ರೋತೃಗಳೇ, ಒಂದು ಶಬ್ದದ ಅರ್ಥ ಹಾದಿಯೋ ಪರ್ವತವೋ ಎಂಬುದರಿಂದ ಯಾರಿಗೆ ಏನಾಗಬೇಕು ಎಂದು ತಾವು ಕೇಳಬಹುದು. ಆಗುವುದಿದೆ. 2012ರಲ್ಲಿ ಯುನೆಸ್ಕೊ ಸಂಸ್ಥೆ ಪಶ್ಚಿಮ ಘಟ್ಟಗಳ 39 ತಾಣಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಅದಕ್ಕೆ ಮುಂಚೆ 2011ರಲ್ಲಿ ಮಾಧವ ಗಾಡ್ಗೀಳರ ಸಮಿತಿ, ಅನಂತರ 2013ರಲ್ಲಿ ಕಸ್ತೂರಿರಂಗನ್ನರ ಸಮಿತಿ ವರದಿಗಳನ್ನು ಕೊಟ್ಟವು. ಈ ಎಲ್ಲ ಕಾಗದಗಳಲ್ಲಿ ‘ಘಟ್ಟ’ವೆಂದರೆ ಒಂದು ವಿಸ್ತಾರವಾದ ಪ್ರದೇಶ, ನಕ್ಷೆಯಲ್ಲಿ ಬಣ್ಣ ಹಚ್ಚಿ ಗಡಿ ಎಳೆಯಬಹುದಾದ ವಸ್ತು. ಆ ಬಣ್ಣದೊಳಗೆ ಜೋಯಿಡಾದ ಕುಣಬಿಗಳ ಗೆಡ್ಡೆಗೆಣಸಿನ ಹಿತ್ತಲುಗಳಿವೆ, ದೇವರ ಕಾಡುಗಳಿವೆ, ಶಾಲೆಗೂ ಸಂತೆಗೂ ನಡೆದು ಹೋಗುವ ಕಾಲುದಾರಿಗಳಿವೆ. ಘಟ್ಟವೆಂದರೆ ಜನ ಓಡಾಡುವ ಹಾದಿಯೆಂದು ತಿಳಿದವರಿಗೂ, ಜನರಿಂದ ಕಾಪಾಡಬೇಕಾದ ಬೆಟ್ಟವೆಂದು ತಿಳಿದವರಿಗೂ ನಡುವೆ ನಡೆಯುವ ಸಭೆಗಳಲ್ಲಿ ಎಷ್ಟೋ ಸಲ ಒಂದೇ ಮಾತನ್ನು ಎರಡು ಅರ್ಥಗಳಲ್ಲಿ ಆಡಿ ಎರಡು ಕಡೆಯವರೂ ಸಿಟ್ಟಾಗುತ್ತಾರೆ.

ಇದಕ್ಕೆ ವಿರುದ್ಧವಾದ ತಪ್ಪೂ ಉಂಟು. ಘಟ್ಟವನ್ನು ಬರಿಯ ಹಾದಿಯೆಂದು ಬಗೆದರೆ ಅದನ್ನು ಅಗಲಮಾಡುವುದಷ್ಟೇ ಕೆಲಸವಾಗುತ್ತದೆ. ಹೇರೆತ್ತುಗಳ ಹಳೆಯ ಹಾದಿಗಳು ಬೆಟ್ಟದ ಮೈಯನ್ನು ಅನುಸರಿಸಿ ಸುತ್ತಿ ಸುತ್ತಿ ಇಳಿಯುತ್ತಿದ್ದವು. ಯಂತ್ರದಿಂದ ಬೆಟ್ಟದ ಬುಡವನ್ನು ನೆಟ್ಟಗೆ ಕಡಿದರೆ ಮೇಲಿನ ಮಣ್ಣಿಗೆ ಆಸರೆ ತಪ್ಪುತ್ತದೆ. ಮಳೆಯ ನೀರು ಒಳಗಿಳಿದು ಮಣ್ಣನ್ನು ಭಾರಮಾಡುತ್ತದೆ. ಒಂದು ಹೊತ್ತಿನಲ್ಲಿ ಅದು ಜಾರುತ್ತದೆ. 2009ರ ಅಕ್ಟೋಬರಿನಲ್ಲಿ ಕಾರವಾರದ ಹತ್ತಿರದ ಕಡವಾಡದಲ್ಲಿ ಗುಡ್ಡ ಜರಿದು 19 ಜನ ಸತ್ತರು. 2021ರ ಜುಲೈಯ ಮಳೆಯಲ್ಲಿ ಅಣಶಿ ಘಟ್ಟದಲ್ಲಿಯೇ ಗುಡ್ಡ ಕುಸಿದು ರಸ್ತೆ ಮುಚ್ಚಿತು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಬಿದ್ದ ಗುಡ್ಡ ಮನುಷ್ಯರನ್ನೂ ವಾಹನಗಳನ್ನೂ ಗಂಗಾವಳಿ ನದಿಗೆ ತಳ್ಳಿತು. ಹಾದಿಯನ್ನು ಮಾತ್ರ ಕಂಡವರಿಗೆ ಬೆಟ್ಟ ತಾನಿರುವುದನ್ನು ನೆನಪಿಸಿದ ದಿನಗಳು ಇವು.

ನಮ್ಮ ಹಿರಿಯರು ಎರಡು ಅರ್ಥಗಳನ್ನೂ ಒಂದೇ ಮಾತಿನಲ್ಲಿ ಇಟ್ಟುಕೊಂಡು ಬಾಳಿದ್ದರಲ್ಲಿ ವಿವೇಕವಿತ್ತೆಂದು ನನ್ನ ಭಾವನೆ. ಬೆಟ್ಟ ಎಲ್ಲಿ ದಾರಿ ಕೊಟ್ಟಿತೋ ಅಲ್ಲಿ ಅವರು ಇಳಿದರು. ಆ ಜಾಗಕ್ಕೆ ಹೆಸರಿಟ್ಟರು. ಅಲ್ಲಿ ಸುಂಕವನ್ನೂ ಕೊಟ್ಟರು. ಇಂದು ರಸ್ತೆಯ ಯೋಜನೆ ಹಾಕುವವರೂ ಕಾಡಿನ ನಕ್ಷೆ ಬರೆಯುವವರೂ ಒಂದೊಂದು ಅರ್ಥವನ್ನು ಹಿಡಿದು ಎಳೆಯುತ್ತಿದ್ದಾರೆ. ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದು ಎಷ್ಟು ಸುತ್ತಿದರೂ ಬೆಳಗಾಗುವ ಹೊತ್ತಿಗೆ ನಾವು ಆ ವ್ಯಾಪಾರಿಯ ಹಾಗೆ ಸುಂಕದ ಗುಡಿಸಲಿನ ಮುಂದೆಯೇ ನಿಂತಿರುತ್ತೇವೆ. ತಪ್ಪಿಸಿಕೊಂಡ ಲೆಕ್ಕವನ್ನು ಅಲ್ಲಿ ಒಪ್ಪಿಸಲೇಬೇಕು.